ಹಿಪ್ಪುನೇರಳೆ ಮರದ ಮೇಲಿನ ಸಿಳ್ಳೆ

ಕೇಳಿ ಮಕ್ಕಳೇ, ಬೆಟ್ಟದ ಬುಡದಲ್ಲೊಂದು ಪುಟ್ಟ ರಾಜ್ಯ. ಆ ರಾಜನಿಗೆ ಒಬ್ಬಳೇ ಮಗಳು, ಚೆನ್ನಾಜಿ. ಜ್ವರ ಬಂದು ಹೋದಮೇಲೆ ಮಗು ಬಿಳುಚಿಕೊಂಡು ಸೊರಗಿತ್ತು. ಏನು ಕೊಟ್ಟರೂ ಬೇಡ ಅನ್ನುತ್ತಿತ್ತು. ಎತ್ತಿ ಆಡಿಸಿದ ದಾದಿ ಸಾಕವ್ವನಿಗೆ ಅದನ್ನು ನೋಡಿ ಕರುಳು ಚುರುಕ್ ಅನ್ನುತ್ತಿತ್ತು.

ಅಲ್ಲಿಯ ಜನ ತಮ್ಮ ಹಿಪ್ಪುನೇರಳೆಯನ್ನು ರೇಷ್ಮೆ ಹುಳುವಿನ ಮೇವಿಗೆಂದು ಸವರಿ ಸವರಿ ಗಿಡವಾಗಿಯೇ ಇಡುತ್ತಿದ್ದರು. ಹಾಗಾಗಿ ಯಾರೂ ಅದರ ಹಣ್ಣಿನ ರುಚಿ ನೋಡಿರಲಿಲ್ಲ. ಕಾಡಂಚಿನಲ್ಲಿ ಮಾತ್ರ ಒಂದು ಕಾಡು ಹಿಪ್ಪುನೇರಳೆ ಮುಗಿಲೆತ್ತರ ಬೆಳೆದು, ಕಪ್ಪಗೆ ಹಣ್ಣು ಬಿಡುತ್ತಿತ್ತು. ಅದರ ಕಾವಲುಗಾರ ದೊಡ್ಡೀರ. ಅದು ವಿಷದ ಮರ, ಹಣ್ಣು ತಿಂದರೆ ಮೊದಲು ನಾಲಿಗೆ ಕಪ್ಪಾಗುತ್ತದೆ, ಆಮೇಲೆ ಪ್ರಾಣ ಹೋಗುತ್ತದೆ ಎಂದು ಅವನು ರಾಜನನ್ನು ನಂಬಿಸಿಬಿಟ್ಟಿದ್ದ.

ಮಗುವಿಗೆ ಹಿಡಿಸುವಂಥದ್ದೇನಾದರೂ ಸಿಕ್ಕೀತೇ ಎಂದು ಸಾಕವ್ವ ಒಂದು ದಿನ ಆ ಮರದ ಹತ್ತಿರ ಹೋಗಿ ನೋಡಿದಳು. ಗೊರವಂಕವೊಂದು ಹಣ್ಣು ತಿಂದು ಹಾಡಿಕೊಂಡು ಹಾರಿತು. ಇನ್ನೊಂದು ದಿನ ನೋಡಿದಳು. ಮೇಕೆಯೊಂದು ಉದುರಿದ ಎಲೆ ಮೇಯ್ದು ಮರಿಗೆ ಹೊಟ್ಟೆತುಂಬ ಹಾಲು ಕೊಟ್ಟಿತು. ಮತ್ತೊಂದು ದಿನ ನೋಡಿದಳು. ಕೊಂಬೆಯ ಮೇಲೆ ದೊಡ್ಡೀರನೇ ಕೂತು ಗಬಗಬ ಮುಕ್ಕುತ್ತಿದ್ದ. ತಿಂದಾದ ಮೇಲೆ ಹಸಿರು ಕಾಯಿ ಹಿಂಡಿ, ಕೈ ತುಟಿ ಉಜ್ಜಿ ಕಲೆ ತೆಗೆದ. ನಾಲಿಗೆಯನ್ನು ಮರೆತ.

ಬರೀ ದಾದಿಯ ಮಾತನ್ನು ಯಾರು ನಂಬುತ್ತಾರೆ? ಸಾಕವ್ವ ಜಾಣೆ. ಓಡಿಹೋಗಿ, ಕಾವಲುಗಾರ ಪಾಪ ವಿಷ ತಿಂದಿದ್ದಾನೆ, ಬದುಕಿಸಿಕೊಳ್ಳಬೇಕು ಎಂದು ರಾಜನಿಗೆ ಹೇಳಿದಳು. ರಾಜ ಅವನನ್ನು ಕರೆಸಿ ನಾಲಿಗೆ ಚಾಚಿಸಿದ. ಬಾಣಲೆ ತಳದ ಹಾಗೆ ಕಪ್ಪು! ಸಾಕವ್ವ ಆಗಲೇ ಗಡಿಗೆ ತುಂಬ ಬೇವಿನ ಕಷಾಯ ಕಾಸಿದ್ದಳು.

"ಕುಡಿಯಪ್ಪ ದೊಡ್ಡೀರಣ್ಣ, ವಿಷ ಇಳೀಬೇಕು."

ಒಂದು ಬಟ್ಟಲು ಕುಡಿದ, ಮುಖ ಕಿವುಚಿದ. ಎರಡು ಬಟ್ಟಲು ಕುಡಿದ, ಕಣ್ಣಲ್ಲಿ ನೀರು ಬಂತು. ಮೂರನೆಯದು ಬಂದಾಗ ರಾಜನ ಕಾಲಿಗೆ ದೊಪ್ಪನೆ ಬಿದ್ದ.

"ವಿಷ ಅಲ್ಲ ಬುದ್ಧಿ. ಚಿಕ್ಕಂದಿನಿಂದ ತಿಂತಾ ಇವ್ನಿ. ಎಲ್ಲಾ ನನಗೇ ಇರ್ಲಿ ಅಂತ ಸುಳ್ಳು ಹೇಳ್ದೆ."

ಅವತ್ತೇ ಚೆನ್ನಾಜಿ ಒಂದು ಹಣ್ಣು ಬಾಯಿಗಿಟ್ಟಳು. ಇನ್ನೊಂದು ಬೇಕು ಅಂದಳು. ಸಾಕವ್ವ ದಿನವೂ ಹಣ್ಣು ತಿನ್ನಿಸಿದಳು, ಎಳೆ ಎಲೆ ಹೆಚ್ಚಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿಕೊಟ್ಟಳು. ಬರಬರುತ್ತ ಮಗುವಿನ ಕೆನ್ನೆ ಕೆಂಪೇರಿತು, ಕಾಲಿಗೆ ಓಡುವಷ್ಟು ಕಸುವು ಬಂತು. ಸಾಕವ್ವನಿಗೆ ಆದ ಸಂತೋಷ ಹೇಳತೀರದು.

ದೊಡ್ಡೀರನಿಗೆ ಶಿಕ್ಷೆ ಏನು ಗೊತ್ತೇ? ಊರಿನ ಮಕ್ಕಳಿಗೆಲ್ಲ ಅವನೇ ಹಣ್ಣು ಕಿತ್ತು ಕೊಡಬೇಕು. ಕೀಳುವಷ್ಟು ಹೊತ್ತೂ ಸಿಳ್ಳೆ ಹಾಕುತ್ತಿರಬೇಕು. ಸಿಳ್ಳೆ ಹಾಕುವ ಬಾಯಿಗೆ ಹಣ್ಣು ಹೋಗುವುದಿಲ್ಲವಲ್ಲ! ಸಿಳ್ಳೆ ಒಂಚೂರು ನಿಂತರೆ ಸಾಕು, ಕೆಳಗಿನಿಂದ ಸಾಕವ್ವ ಕೇಳುತ್ತಾಳೆ:

"ಕಷಾಯ ಬಿಸಿ ಮಾಡ್ಲಾ, ದೊಡ್ಡೀರಣ್ಣ?"

ಅದಕ್ಕೇ ಮಕ್ಕಳೇ, ಕಾಡು ಎಲ್ಲರಿಗೂ ಕೊಟ್ಟ ಒಳ್ಳೆಯ ತಿನಿಸನ್ನು ಸುಳ್ಳು ಹೇಳಿ ಒಬ್ಬರೇ ನುಂಗಬಾರದು. ಹಂಚಿ ತಿನ್ನಬೇಕು.