ವೇಣುಬಾಯಿಯ ಲಕ್ಷಬತ್ತಿ

ಬಹಳ ಹಿಂದಿನ ಮಾತು, ಇಸವಿ ಗಿಸವಿ ನನ್ನ ಕೇಳಬ್ಯಾಡ್ರಿ. ಹಳ್ಳದ ದಂಡಿ ಮ್ಯಾಲೆ ಒಂದೂರು, ಆ ಊರಿಗೊಬ್ಬ ದೇಸಾಯಿ. ಅವನ ಪೂಜಾ ಅಂದ್ರ ಮೂರು ತಾಸಂತ. ಗಂಟಿ ಬಾರಿಸ್ತಿದ್ದ, ಶಂಖ ಊದ್ತಿದ್ದ, ಪೂಜಾ ಮುಗೀತಂದ್ರ ಕೆಳಗಿನ ಓಣಿ ರತ್ನವ್ವನ ಮನಿ ಕಡೆ ಹೊಂಟುಬಿಡ್ತಿದ್ದನಂತ. ಯಾರೂ ಬಾಯಿ ಬಿಡ್ತಿರಲಿಲ್ಲ. ನಾ ಬಿಡ್ತೀನಿ, ಸತ್ತೋರೇನು ಎದ್ದು ಬಂದು ಬೈತಾರ?

ಅವನ ಹೆಂಡತಿ ವೇಣುಬಾಯಿ. ಮಕ್ಕಳಿರಲಿಲ್ಲ. ಕೂಸಿನ ಸಲುವಾಗಿ ಲಕ್ಷಬತ್ತಿ ಹರಕಿ ಹೊತ್ತಳು. ಲಕ್ಷ ಬತ್ತಿ ಹೊಸೆದು ಕಾರ್ತಿಕದಾಗ ದೇವರ ಮುಂದ ಹಚ್ಚೋದು. ವರ್ಷಗಟ್ಟಲೆ ಮಡೀಲೆ ಕೂತು ಅರಳೆ ಬಿಡಿಸಿದಳಂತ, ಹೊಸೆದಳಂತ, ಬುಟ್ಟಿಗೆ ತುಂಬಿದಳಂತ. ಆ ಬುಟ್ಟಿ ಹತ್ರ ಬೆಕ್ಕು ಸೈತ ಸುಳೀತಿರಲಿಲ್ಲಂತ.

ಹಚ್ಚೋ ದಿನ ಮುಂಜಾನೆ ಸೂಲಗಿತ್ತಿ ನೀಲವ್ವ ಓಡಿ ಬಂದಳು. ರತ್ನವ್ವ ಹಡೆದಾಳ, ಕೂಸು ಛಲೋ ಐತಿ, ತಾಯಿಗೆ ರಕ್ತ ನಿಲ್ಲವಲ್ದು, ಮನ್ಯಾಗ ಹೊಲಸು ಚಿಂದಿ ಬಿಟ್ರ ಏನಿಲ್ಲ, ಒಂದೀಟು ಸ್ವಚ್ಛ ಅರಳೆ ಕೊಡ್ರಿ ಅಂತ ಅಂಗಳದಾಗ ನಿಂತು ಅತ್ತಳಂತ.

ದೇಸಾಯಿ ಮುಖ ಬಿಳಚಿತಂತ. ಆದರೂ, "ದೇವರ ಅರಳೆ ಅದು. ಮೈಲಿಗೆ ಆದ್ರ ಹರಕಿ ಕೆಡತದ" ಅಂದ. ಬತ್ತಿ ಹಚ್ಚಸಲಿಕ್ಕೆ ಬಂದಿದ್ದ ಭಟ್ಟರೂ ಹೌದ್ಹೌದು ಅಂದರು. ದೇಸಾಯಿ ಮಾತಿಗೆ ಭಟ್ಟರು ಯಾವಾಗ ಇಲ್ಲ ಅಂದಿದ್ರು ಬಿಡ್ರಿ.

ವೇಣುಬಾಯಿ ಬುಟ್ಟಿ ಎತ್ತಿ ಟೊಂಕದ ಮ್ಯಾಲೆ ಇಟ್ಟುಕೊಂಡಳು.

"ದೇವರೇನು ಕತ್ತಲಾಗ ಕೂತಿಲ್ಲರೀ. ಆಕಿ ಸಾಯಲಿಕ್ಕೆ ಹತ್ಯಾಳ. ಕೂಸು ಯಾರದು ಅಂತ ನಾ ಕೇಳೂದಿಲ್ಲ, ನೀವು ಹೇಳೂದೂ ಬ್ಯಾಡ."

ಉಟ್ಟ ಮಡಿ ಸೀರೀಲೇ ನಡು ಊರಾಗ ಹಾದು ಹೋದಳಂತ. ಹೆಂಗಸರು ಬಾಗಿಲಿಗೆ ಬಂದು ಮೂಗಿನ ಮ್ಯಾಲೆ ಬೆರಳಿಟ್ಟರಂತ. ಹಿಡಿಹಿಡಿ ಬತ್ತಿ ನೀಲವ್ವನ ಕೈಗೆ ಕೊಟ್ಟಳಂತ, ನೀಲವ್ವನ ಕೈ ಸೋತಾಗ ತಾನೇ ಒತ್ತಿ ಹಿಡಿದಳಂತ. ಲಕ್ಷವೂ ಹೋದವು ಅಂತಾರ ಕೆಲವರು. ತಗದಷ್ಟೂ ಬುಟ್ಟಿ ತುಂಬತಿತ್ತು ಅಂತಾರ ಇನ್ನ ಕೆಲವರು. ಸುಳ್ಳು. ಅರ್ಧ ಬುಟ್ಟಿ ಹೋತು, ರತ್ನವ್ವ ಉಳಿದಳು. ಅಷ್ಟು ಖರೆ.

ವೇಣುಬಾಯಿಗೆ ಕಡೀತನಕ ಮಕ್ಕಳಾಗಲಿಲ್ಲ. ಹರಕಿ ಕೆಡಿಸಿಕೊಂಡಿದ್ದಕ್ಕ ಅಂದರು ಭಟ್ಟರು. ಆಕಿ ನಕ್ಕುಬಿಟ್ಟಳಂತ. ಮರುವರ್ಷ ಮತ್ತ ಅರಳೆ ಬಿಡಿಸಲಿಕ್ಕೆ ಕೂತಳು, ನೀಲವ್ವನ್ನ ಮಗ್ಗಲದಾಗ ಕೂಡಿಸಿಕೊಂಡು.

ಇವತ್ತಿಗೂ ಆ ಊರಾಗ ಎಂಥಾ ದೊಡ್ಡ ಮನಿಯೋರು ಲಕ್ಷಬತ್ತಿ ಹಚ್ಚಲಿ, ಮೊದಲು ಸೂಲಗಿತ್ತಿ ಬರಬೇಕು. ಆಕಿ ಬುಟ್ಟ್ಯಾಗ ಕೈ ಹಾಕಿ ತನಗ ಬೇಕಾದಷ್ಟು ತಗೋಬೇಕು. ಆಮ್ಯಾಲೆ ಉಳಿದದ್ದು ದೇವರಿಗೆ.