ಬೆಲ್ಟು ಬದಲಿಸುವವನ ಹೆಬ್ಬೆರಳು

ಶಿಷ್ಯನೊಬ್ಬ ಗುರುಗಳ ಎದುರು ನಿಂತು ನೇರವಾಗಿ ಕೇಳಿದ: "ಗುರುಗಳೇ, ಹನ್ನೆರಡು ವರ್ಷದಲ್ಲಿ ನನ್ನಿಂದ ಒಂದೇ ಒಂದು ತಪ್ಪಾಗಿಲ್ಲ. ನಿಮ್ಮ ಆ ಇನ್ನೊಬ್ಬ ಶಿಷ್ಯ ದಿನಾ ಬೈಸಿಕೊಳ್ಳುತ್ತಾನೆ. ಯಾರದೋ ಜಗಳ ಬಿಡಿಸಲು ಹೋಗಿ ಏಟು ತಿನ್ನುತ್ತಾನೆ. ಯಾರೋ ಅನ್ನ ಸೀಯಿಸಿದರೆ ತನ್ನದೇ ತಪ್ಪೆನ್ನುತ್ತಾನೆ. ಪಾಠಶಾಲೆಯ ಹೊಣೆ ಅವನಿಗೇಕೆ? ನನಗೇಕಿಲ್ಲ?"

ಗುರುಗಳು ನಕ್ಕರು. "ನಾನು ಈವರೆಗೆ ಹತ್ತು ಸಾವಿರ ಕತೆ ಹೇಳಿದ್ದೇನೆ. ಅದರಲ್ಲಿ ಪೂರ್ತಿ ನಿಜವಾದದ್ದು ಇದೊಂದೇ. ಕೂತು ಕೇಳು."

ಒಂದು ಪೇಟೆಯಲ್ಲಿ ಒಬ್ಬ ವಾಚ್ ರಿಪೇರಿಯವನಿದ್ದ. ಅಂಥ ಕೈ ಸುತ್ತಿನ ಏಳು ಜಿಲ್ಲೆಯಲ್ಲಿ ಇರಲಿಲ್ಲ. ಅವನ ಎದೆಬಡಿತ ಕೇಳಿ ಪೇಟೆಯ ಗೋಡೆ ಗಡಿಯಾರಗಳೆಲ್ಲ ತಮ್ಮ ವೇಳೆ ತಿದ್ದಿಕೊಳ್ಳುತ್ತಿದ್ದವು. ನೀನು ನಂಬಬೇಡ, ಬಿಡು; ಗಡಿಯಾರಗಳು ನಂಬಿದ್ದವು.

ಅವನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಹೊರಗೊಂದು ಹಲಗೆ. 'ಬೆಲ್ಟು ಬದಲಿಸುವಾಗ ವಾಚಿನ ಕೇಸಿಗೆ ಗೀರು ಬಿದ್ದರೆ ಈ ಅಂಗಡಿ ನಿಮ್ಮದು.' ಹಲಗೆ ಕಟ್ಟಿ ಇಪ್ಪತ್ತಾರು ವರ್ಷವಾಗಿತ್ತು. ಅಂಗಡಿ ಇನ್ನೂ ಅವನದೇ ಆಗಿತ್ತು.

ಅವನಿಗೆ ಒಂದೇ ಒಂದು ನಾಚಿಕೆ. ಎಡಗೈಯ ಹೆಬ್ಬೆರಳು. ಅದರ ಮೇಲೆ ಗೀರುಗಳು, ಗೀರಿನ ಮೇಲೆ ಗೀರುಗಳು. ಅಂಥ ಹಲಗೆ ಕಟ್ಟಿದವನ ಬೆರಳು ಹೀಗಿದೆ ಎಂದು ಜನಕ್ಕೆ ತಿಳಿದರೆ? ಪೇಟೆಯಲ್ಲಿ ನಡೆಯುವಾಗ ಅವನು ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತಿದ್ದ.

ಪಕ್ಕದಲ್ಲೊಬ್ಬ ವ್ಯಾಪಾರಿ ಇದ್ದ. ಅವನ ಮೆಣಸಿನಕಾಯಿ ಚೀಲಗಳಿಗೆ ಜಾಗ ಸಾಲುತ್ತಿರಲಿಲ್ಲ. ಆ ಗೂಡಿನ ಮೇಲೆ ಬಹಳ ದಿನದಿಂದ ಅವನ ಕಣ್ಣಿತ್ತು. ಒಂದು ದಿನ ಜನ ತುಂಬಿದ ಹೊತ್ತು ನೋಡಿ ಬಂದು, ತನ್ನ ಚಿನ್ನದ ವಾಚನ್ನು ಮೇಜಿನ ಮೇಲಿಟ್ಟ.

"ಬೆಲ್ಟು ಬದಲಿಸು. ಹಲಗೆ ಮೇಲಿನ ಮಾತು ಮಾತೇ ತಾನೆ?"

"ಮಾತೇ, ಸಾವ್ಕಾರ್ರೇ," ಎಂದು ರಿಪೇರಿಯವನು ವಾಚು ತೆಗೆದುಕೊಳ್ಳಲು ಮುಷ್ಟಿ ಬಿಚ್ಚಿದ.

ವ್ಯಾಪಾರಿಗೆ ಹೆಬ್ಬೆರಳು ಕಂಡಿತು. ತಟ್ಟನೆ ಆ ಕೈ ಹಿಡಿದು ಜನರ ಕಡೆಗೆ ಎತ್ತಿದ.

"ನೋಡ್ರಪ್ಪಾ ಎಲ್ಲರೂ! ಗೀರೇ ಬೀಳೋದಿಲ್ಲ ಅಂತ ಹಲಗೆ ಕಟ್ಟಿದವನ ಬೆರಳು ನೋಡಿ! ಇದು ಬೆರಳೋ, ಕಾಯಿ ತುರಿಯೋ ಮಣೆಯೋ? ಇಷ್ಟು ಸಲ ಜಾರಿದ ಕೈಗೆ ಯಾರಾದರೂ ವಾಚು ಕೊಡ್ತಾರಾ? ಏಯ್, ಇವತ್ತೇ ಹಲಗೆ ಇಳಿಸು. ಗೂಡು ಖಾಲಿ ಮಾಡು!"

ಜನ ನಕ್ಕರು. ರಿಪೇರಿಯವನ ಕಿವಿ ಬಿಸಿಯಾಯಿತು. ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ನಡುಪೇಟೆಯಲ್ಲಿ ಬಯಲಾಗಿತ್ತು. ಅವನು ಕೈ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಇನ್ನೂ ಒಂದು ಗೇಣು ಮೇಲಕ್ಕೆತ್ತಿದ.

"ಹೌದು, ಜಾರಿದೆ. ದಿನಾ ಜಾರುತ್ತೆ. ಬೆಲ್ಟಿನ ಪಿನ್ನು ಚಿಮ್ಮಿದರೆ ಬ್ರಹ್ಮನ ಕೈಯಾದರೂ ಜಾರುತ್ತೆ. ಈಗ ನೀವೆಲ್ಲ ನಿಮ್ಮ ನಿಮ್ಮ ವಾಚು ನೋಡಿಕೊಳ್ಳಿ. ಒಂದರ ಮೇಲಾದರೂ ನಾನು ಹಾಕಿದ ಗೀರಿದ್ದರೆ ಈಗಲೇ ಹೇಳಿ. ಇಲ್ಲದಿದ್ದರೆ ಹಲಗೆ ಇಳಿಸೋದಿಲ್ಲ, ಸಾವ್ಕಾರ್ರೇ. ಬೇಕಾದರೆ ಇನ್ನೊಂದು ಮೊಳ ಮೇಲೆ ಕಟ್ಟುತ್ತೇನೆ!"

ಎಲ್ಲರೂ ತಮ್ಮ ಮಣಿಕಟ್ಟು ನೋಡಿಕೊಂಡರು. ಒಂದರ ಮೇಲೂ ಅವನ ಗೀರಿರಲಿಲ್ಲ.

ರಿಪೇರಿಯವನು ಕೂತ. ವಾಚನ್ನು ಬಟ್ಟೆಯ ಮೇಲಿಟ್ಟ. ಬೆಲ್ಟನ್ನು ಕೇಸಿಗೆ ಹಿಡಿದಿಡುವುದು ಒಂದು ಪುಟ್ಟ ಸ್ಪ್ರಿಂಗ್ ಪಿನ್ನು. ಸಣ್ಣ ಉಪಕರಣದ ಚೂಪು ಮೊನೆಯಿಂದ ಅದನ್ನು ಒತ್ತಿ ತೆಗೆಯಬೇಕು. ಮೊನೆ ಜಾರಿದರೆ ಎಲ್ಲಿಗೆ ಹೋಗುತ್ತದೋ, ಸರಿಯಾಗಿ ಅಲ್ಲಿ, ಚಿನ್ನದ ಅಂಚನ್ನು ಮುಚ್ಚಿ ತನ್ನ ಹೆಬ್ಬೆರಳನ್ನು ಅಡ್ಡ ಇಟ್ಟ. ಒತ್ತಿದ.

ಅದೇ ಗಳಿಗೆಗೆ ವ್ಯಾಪಾರಿ ಮೇಜಿಗೆ ಧಡಾರನೆ ಗುದ್ದಿದ.

ಪಿನ್ನು ಹಾರಿತು. ನಾಲ್ಕನೆಯ ಅಂಗಡಿಯ ಬೆಲ್ಲದ ಅಚ್ಚಿಗೆ ಹೋಗಿ ನಾಟಿತು. ಆ ಬೆಲ್ಲದಲ್ಲಿ ಮಾಡಿದ ಪಾಯಸ ಇವತ್ತಿಗೂ ಹೊತ್ತಿಗೆ ಸರಿಯಾಗಿ ಕುದಿಯುತ್ತದೆ. ಮೊನೆ ಜಾರಿತು. ರಕ್ತ ಚಿಮ್ಮಿತು.

ರಿಪೇರಿಯವನು ತುಟಿ ಕಚ್ಚಿದ. ಬೇರೆ ಪಿನ್ನು ಹಾಕಿ, ಹೊಸ ಬೆಲ್ಟು ಕೂರಿಸಿ, ವಾಚನ್ನು ಒರೆಸಿ ಮುಂದಿಟ್ಟ. ವ್ಯಾಪಾರಿ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. ರಿಪೇರಿಯವನದೇ ಭೂತಗನ್ನಡಿ ಕಸಿದುಕೊಂಡು ನೋಡಿದ. ಕೂದಲೆಳೆಯಷ್ಟೂ ಗೀರಿಲ್ಲ.

"ಅಲ್ಲಿ ಯಾಕೆ ಹುಡುಕ್ತೀರಿ, ಸಾವ್ಕಾರ್ರೇ?" ರಿಪೇರಿಯವನು ರಕ್ತ ಸುರಿಯುವ ಹೆಬ್ಬೆರಳನ್ನು ಅವನ ಮೂಗಿನ ಮುಂದೆ ಹಿಡಿದ. "ನಿಮ್ಮ ಗೀರು ಇಲ್ಲಿದೆ."

ವ್ಯಾಪಾರಿ ವಾಚು ಕಟ್ಟಿಕೊಳ್ಳುವುದನ್ನೂ ಮರೆತು ಹೊರಟುಹೋದ. ಅಂದಿನಿಂದ ರಿಪೇರಿಯವನು ಪೇಟೆಯಲ್ಲಿ ಕೈ ಬೀಸಿಕೊಂಡೇ ನಡೆದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ತನಗೆ ಅರಿವಿಲ್ಲದೆಯೇ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡಿದ್ದ.

"ಮುಷ್ಟಿ ಯಾಕಪ್ಪಾ ಮುಚ್ಚಿದೆ? ಬಿಚ್ಚು, ನಿನ್ನ ಬೆರಳ ಮೇಲೆ ಯಾರ ಗೀರಿದೆ ನೋಡೋಣ."