ಪೀಪಾಯಿಯ ಮೊದಲ ಹನಿ

“ಕೇಳಿರಪ್ಪೋ ಕೇಳಿ! ಅರಮನೆಯ ಪೋರ್ಚುಗೀಸ್ ದ್ರಾಕ್ಷಾರಸದ ರುಚಿ ನೋಡಿ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ದೊರೆ ಕೊಡುತ್ತಾರೆ. ತಪ್ಪಿದವರಿಗೆ ಶೂಲ!”

ಕಡಲಕೋಟೆಯಲ್ಲಿ ಹೀಗೆ ಡಂಗುರ ಹೊಡೆಸಿದರು. ಯಾಕೆ ಅಂತೀರಾ? ನಲವತ್ತು ವರ್ಷದ ಆ ಕೆಂಪು ಮದ್ಯದ ಪೀಪಾಯಿ ದಿನಾ ಸಂಜೆ ಅಳುತ್ತಿತ್ತು. ಗಂಡಸಿನ ಅಳು! ಅಳುತ್ತಲೇ ಮೂರು ಒಗಟು ಕೇಳುತ್ತಿತ್ತು. ಅನ್ನ ಸೇರದೆ ದೊರೆ ಒಣಗಿಹೋಗಿದ್ದ.

ನಮ್ಮ ಕೇರಿಯ ಕಾಂತು ಮಹಾ ಆಸೆಬುರುಕ. ಹೋದ, ತಪ್ಪು ಹೇಳಿದ, ಕಂಬಕ್ಕೆ ಕಟ್ಟಿಸಿಕೊಂಡ. ಮರುದಿನ ಬೆಳಿಗ್ಗೆ ಶೂಲ. ಅವನ ತಮ್ಮ ದೂಮ ಕಳ್ಳು ಇಳಿಸುವವನು. ಸುದ್ದಿ ಕೇಳಿ ಮರದಿಂದ ಇಳಿದವನೇ ಅರಮನೆಗೆ ಓಡಿದ.

ಅಲ್ಲಿ ದೊರೆ ಪೀಪಾಯಿಯ ಮೊದಲ ಒಗಟನ್ನು ಕೇಳುತ್ತಿದ್ದ: “ನಡುವೆ ಹರೆಯ, ಅಂಚಿಗೆ ಮುಪ್ಪು. ಮೈ ಒಂದೇ. ಏನದು?”

ಸಾಹುಕಾರನೊಬ್ಬ ಬಾಯಿ ಚಪ್ಪರಿಸಿ “ಚಂದ್ರ” ಅಂದ. ಪಂಡಿತನೊಬ್ಬ “ಸಮುದ್ರ” ಅಂದ. ಇಬ್ಬರನ್ನೂ ಕಂಬಕ್ಕೆ ಎಳೆದೊಯ್ದರು.

ದೂಮ ತನಗೆ ಕೊಟ್ಟ ಮದ್ಯದ ಬಟ್ಟಲನ್ನು ಬೆಳಕಿಗೆ ಓರೆಮಾಡಿದ. “ಇದೇ, ಬುದ್ಧಿ. ನಡುವೆ ನೆತ್ತರುಗೆಂಪು, ಅಂಚಿಗೆ ಹಳೇ ಹೆಂಚಿನ ಬಣ್ಣ.”

ದೊರೆ ಎರಡನೆಯದನ್ನು ಕೇಳಿದ: “ಬಾಗಿಲು ಹಾಕಿದ ಮನೆ. ಕಳ್ಳ ಬರಲಿಲ್ಲ, ಆದರೂ ವರ್ಷವರ್ಷ ಒಳಗಿನದು ಕಮ್ಮಿಯಾಯಿತು. ಕುಡಿದವರಾರು?”

ದೂಮ ಮೂಸಿದ. “ಮನೆಯೇ ಕುಡಿದಿದೆ. ನನ್ನ ಮಡಕೆಯೂ ಕುಡಿಯುತ್ತೆ. ಪೀಪಾಯಿಯ ಮರ ಇದನ್ನು ಕುಡಿದು ತನ್ನ ವಾಸನೆ ಕೊಟ್ಟಿದೆ.”

ಅಷ್ಟರಲ್ಲಿ ಸಂಜೆಯಾಗಿ ಪೀಪಾಯಿ ಅಳತೊಡಗಿತು. ದೊರೆಯ ದನಿ ನಡುಗಿತು: “ಎಲ್ಲರೂ ಕುಡಿದರು. ಒಬ್ಬನ ಬಾಯಾರಿಕೆ ಮಾತ್ರ ತೀರಲಿಲ್ಲ. ಯಾರವನು?”

ದೂಮನಿಗೂ ತಿಳಿಯಲಿಲ್ಲ. ರುಚಿಯಾದರೂ ನೋಡೋಣ ಅಂತ ಬಟ್ಟಲೆತ್ತಿ, ರೂಢಿಯಂತೆ ಮೊದಲ ಹನಿಯನ್ನು ನೆಲಕ್ಕೆ ಚೆಲ್ಲಿದ. ತೀರಿಹೋದವರಿಗೆ ಕೊಡದೆ ನಮ್ಮ ಕೇರಿಯವರು ನಾಲಿಗೆ ಒದ್ದೆ ಮಾಡುವುದಿಲ್ಲ. ಅರಮನೆಯ ಬಟ್ಟಲು ಕಂಡು ಕಾಂತು ಅದನ್ನೇ ಮರೆತಿದ್ದ.

“ದೊರೆಯ ಮುಂದೆ ಚೆಲ್ಲುತ್ತೀಯೇನೋ!” ಕಾವಲುಗಾರ ಕತ್ತಿ ಎಳೆದ.

ಕಲ್ಲುನೆಲ ಆ ಹನಿಯನ್ನು ಗುಟುಕ್ಕನೆ ಹೀರಿತು. ಅಳು ಅರೆಗಳಿಗೆ ನಿಂತು ಮತ್ತೆ ಶುರುವಾಯಿತು.

“ಸತ್ತವನು, ಬುದ್ಧಿ,” ಅಂದ ದೂಮ. “ಅವನ ಪಾಲು ಕೊಡದೆ ಕುಡಿದಿದ್ದೀರಿ. ಅವನು ಯಾರು ಅಂತ ನಿಮಗೇ ಗೊತ್ತು.”

ದೊರೆ ಕುಸಿದ. “ಇದನ್ನು ತಂದ ಹಡಗಿನವನು. ಊಟಕ್ಕೆ ಕರೆದು ಕೊಂದೆನಪ್ಪಾ. ಒಂದು ಗುಟುಕು ಕುಡಿಯಲೂ ಬಿಡಲಿಲ್ಲ.” ತಾನೇ ಬಟ್ಟಲು ತುಂಬಿ ನೆಲಕ್ಕೆ ಸುರಿದು, ನಲವತ್ತು ವರ್ಷ ನುಂಗಿಕೊಂಡಿದ್ದ ಹೆಸರು ಹೇಳಿದ: “ದುವಾರ್ತೆ, ಕುಡಿ.”

ಪೀಪಾಯಿ ಸುಮ್ಮನಾಯಿತು. ಆಗ ದೂಮ ಒಂದು ಗುಟುಕು ಕುಡಿದ. ಒಣದ್ರಾಕ್ಷಿ, ಹೊಗೆಸೊಪ್ಪು, ಕೊನೆಗೆ ಸಣ್ಣ ಒಗರು.

“ಏನು ಬೇಕು, ಕೇಳು.”

“ನನ್ನಣ್ಣ. ಕಂಬದಲ್ಲಿರೋ ಉಳಿದವರೂ.”

ಎಲ್ಲರ ಹಗ್ಗ ಬಿಚ್ಚಿದರು. ಕಾಂತು ತಮ್ಮನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತ. ಇವತ್ತಿಗೂ ನಮ್ಮ ಕೇರಿಯಲ್ಲಿ ಮೊದಲ ಹನಿ ಹಿರಿಯರಿಗೆ, ಎರಡನೆಯದು ದುವಾರ್ತೆಗೆ. ಆಮೇಲೆ ನಮಗೆ.